ಓದುಗರ ಪ್ರಶ್ನೆ, ನಮ್ಮ ಉತ್ತರ: ನಿಮ್ಮ ಸಂಸ್ಥೆಯ ಲೆಕ್ಕ ಎಐಗೆ ಅರ್ಥವಾಗಬೇಕಾದರೆ

ಎಕ್ಸೆಲ್ ಶೀಟ್ ಅಥವಾ ಡೇಟಾಬೇಸ್ ಕೊಟ್ಟರೆ ಕೇಳಿದ ಪ್ರಶ್ನೆಗೆ ಲೆಕ್ಕ ತೆಗೆದುಕೊಡುವ ಎಐ ಸಹಾಯಕಗಳು ಈಗ ನಮ್ಮ ಭಾಗದ ದಾಲ್ ಮಿಲ್, ರೈತ ಉತ್ಪಾದಕರ ಕಂಪನಿ, ಹಾಲಿನ ಸಂಘ, ಸ್ವಸಹಾಯ ಸಂಘಗಳ ಒಕ್ಕೂಟಗಳಿಗೂ ಬಂದಿವೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಪ್ರಶ್ನೆಗಳು ಬೇರೆ ಬೇರೆ ಕಂಡರೂ ಬೇರು ಒಂದೇ. ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿರುವ, ಆದರೆ ಯಾರೂ ಬರೆದಿಡದ ತೀರ್ಮಾನಗಳು ಎಐಗೆ ಗೊತ್ತಿಲ್ಲ. ಅವನ್ನು ಬರೆದುಕೊಡುವವರೆಗೆ ಅದು ಊಹಿಸುತ್ತಲೇ ಇರುತ್ತದೆ.

ಪ್ರಶ್ನೆ: ನಮ್ಮದು ಕಲಬುರಗಿಯ ದಾಲ್ ಮಿಲ್. ಮೂರು ವರ್ಷದ ಶೀಟ್‌ಗಳನ್ನು ಎಐಗೆ ಕೊಟ್ಟೀವಿ. "ಈ ವರ್ಷ ಇಳುವರಿ ಎಷ್ಟು?" ಅಂತ ಕೇಳಿದರ ಒಮ್ಮೆ 72 ಅಂತದ, ಮರುದಿನ 75 ಅಂತದ. ಶೀಟ್ ಏನೂ ಬದಲಾಗಿಲ್ಲ. ತಪ್ಪು ಎಲ್ಲಿದೆ, ಹೇಳ್ರಿ.
— ಲೆಕ್ಕಿಗರು, ಕಲಬುರಗಿ

ಉತ್ತರ: ಎರಡೂ ಉತ್ತರ ನಿಮ್ಮ ಶೀಟ್‌ನಿಂದಲೇ ಬಂದಿರುವ ಸಾಧ್ಯತೆ ಹೆಚ್ಚು. 1,000 ಕ್ವಿಂಟಲ್ ತೊಗರಿ ಹಾಕಿ 720 ಕ್ವಿಂಟಲ್ ಬೇಳೆ, 30 ಕ್ವಿಂಟಲ್ ನುಚ್ಚು ಬಂತು ಅಂದುಕೊಳ್ಳಿ. ಬೇಳೆ ಮಾತ್ರ ಹಿಡಿದರೆ ಇಳುವರಿ ಶೇ. 72. ನುಚ್ಚನ್ನೂ ಸೇರಿಸಿದರೆ ಶೇ. 75. ನಿಮ್ಮ ಮಿಲ್‌ನಲ್ಲಿ ಯಾವುದಕ್ಕೆ ಇಳುವರಿ ಅನ್ನುತ್ತಾರೆ ಎಂಬುದು ಶೀಟ್‌ನಲ್ಲಿ ಎಲ್ಲೂ ಇಲ್ಲ.

ಎಐ ಒಳಗೆ ಏನಾಗುತ್ತದೆ ಎಂದು ತಿಳಿದರೆ ಪರಿಹಾರ ತಾನಾಗಿಯೇ ಹೊಳೆಯುತ್ತದೆ. ನೀವು ಪ್ರಶ್ನೆ ಕೇಳಿದಾಗ ಅದು ಕಾಲಂಗಳ ಹೆಸರು ನೋಡುತ್ತದೆ, ನಾಲ್ಕಾರು ಸಾಲು ಓದುತ್ತದೆ, ಆಮೇಲೆ ಕಂಪ್ಯೂಟರ್ ಭಾಷೆಗಳಾದ ಎಸ್‌ಕ್ಯೂಎಲ್ ಅಥವಾ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದು ಓಡಿಸುತ್ತದೆ. ಸಾಮಾನ್ಯವಾಗಿ ಕೂಡಿ ಕಳೆಯುವುದರಲ್ಲಿ ತಪ್ಪಾಗುವುದಿಲ್ಲ. ತಪ್ಪಾಗುವುದು ಯಾವ ಕಾಲಂ ಕೂಡಬೇಕು, ಯಾವ ಸಾಲು ಬಿಡಬೇಕು ಎಂಬ ಆಯ್ಕೆಯಲ್ಲಿ. ಹೊಸ ಸಂಭಾಷಣೆ ತೆರೆದಾಗ ಅದು ಆ ಆಯ್ಕೆಯನ್ನು ಮತ್ತೆ ಹೊಸದಾಗಿ ಮಾಡುತ್ತದೆ. ಆದ್ದರಿಂದ ಪ್ರತಿ ಪ್ರಶ್ನೆಯ ಜೊತೆಗೂ ತಾನಾಗಿ ಹೋಗುವ ಒಂದು ಹಿನ್ನೆಲೆ ಟಿಪ್ಪಣಿ ಬೇಕು. ಚಾಟ್‌ಜಿಪಿಟಿ, ಕ್ಲಾಡ್‌ಗಳಲ್ಲಿ ಇದನ್ನು 'ಪ್ರಾಜೆಕ್ಟ್' ಒಳಗಿನ ಸೂಚನೆಗಳಲ್ಲಿ ಬರೆಯಬಹುದು. ಡೇಟಾಬೇಸ್‌ಗೆ ನೇರವಾಗಿ ಜೋಡಿಸುವ ತಂತ್ರಾಂಶಗಳಲ್ಲಿ ಕಾಲಂಗಳ ವಿವರಣೆ ಮತ್ತು ಸಾಮಾನ್ಯ ಸೂಚನೆ ಬರೆಯಲು ಬೇರೆ ಬೇರೆ ಜಾಗ ಇರುತ್ತದೆ.

ದಾಲ್ ಮಿಲ್ಲಿನ ಟಿಪ್ಪಣಿಯಲ್ಲಿ ಮೊದಲು ಬರಬೇಕಾದದ್ದು ಇಳುವರಿಯ ಸೂತ್ರ. ಅದನ್ನು "ಇಳುವರಿ ಅಂದರೆ ತೊಗರಿಯಿಂದ ಬಂದ ಬೇಳೆ" ಎಂದು ಬರೆದರೆ ಸಾಲದು. ಕಾಲಂ ಹೆಸರು ಹಾಕಿ ಹೀಗೆ ಬರೆಯಿರಿ:

"ಇಳುವರಿ = (ಫಟ್ಕಾ ಬೇಳೆ + ಸಾದಾ ಬೇಳೆ) ÷ ಹಾಕಿದ ತೊಗರಿ × 100. ನುಚ್ಚು, ಚುನ್ನಿ, ಹೊಟ್ಟು ಇದರಲ್ಲಿ ಸೇರುವುದಿಲ್ಲ. 'ಮಾಲಿನ ಬಗೆ' ಕಾಲಂನಲ್ಲಿ 'ಕೂಲಿ' ಎಂದಿರುವ ಸಾಲುಗಳನ್ನು ಬಿಡಬೇಕು. 'ಸ್ಥಿತಿ' ಕಾಲಂನಲ್ಲಿ 'ಮುಗಿದಿದೆ' ಎಂದಿರುವ ಲಾಟ್‌ಗಳನ್ನು ಮಾತ್ರ ಹಿಡಿಯಬೇಕು."

ಕೊನೆಯ ಎರಡು ವಾಕ್ಯಗಳನ್ನು ಬಹಳ ಜನ ಮರೆಯುತ್ತಾರೆ. ಬೇರೆಯವರ ತೊಗರಿಯನ್ನು ಕೂಲಿಗೆ ಬೇಳೆ ಮಾಡಿಕೊಟ್ಟಿದ್ದರೆ ಅದರ ತೂಕ ನಿಮ್ಮ ಶೀಟ್‌ನಲ್ಲಿರುತ್ತದೆ, ಖರೀದಿ ಖಾತೆಯಲ್ಲಿ ಇರುವುದಿಲ್ಲ. ಎಐ ಎರಡನ್ನೂ ಬೆರೆಸಿದರೆ ಕ್ವಿಂಟಲ್‌ಗೆ ಬಿದ್ದ ವೆಚ್ಚ ಕಡಿಮೆ ಕಾಣುತ್ತದೆ. ಲಾಟ್, ಅಂದರೆ ಒಮ್ಮೆಗೆ ಒಡೆಯಲು ಹಾಕಿದ ಮಾಲು, ಮುಗಿದಿದೆಯೋ ಇಲ್ಲವೋ ನೋಡುವುದು ಇನ್ನೂ ಮುಖ್ಯ. ತೊಗರಿಗೆ ಎಣ್ಣೆ ಹಚ್ಚಿ, ನೀರು ಕೊಟ್ಟು, ಒಣಗಿಸಿ, ಒಡೆಯುವಷ್ಟರಲ್ಲಿ ದಿನಗಳು ಹೋಗುತ್ತವೆ. ಮಾರ್ಚ್ 30ಕ್ಕೆ ಹಾಕಿದ ತೊಗರಿಯ ಬೇಳೆ ಏಪ್ರಿಲ್ 4ಕ್ಕೆ ತೂಕವಾಗುತ್ತದೆ. ತಿಂಗಳ ಹೊರಹರಿವನ್ನು ತಿಂಗಳ ಒಳಹರಿವಿನಿಂದ ಭಾಗಿಸಿದರೆ ಮಾರ್ಚ್‌ನಲ್ಲಿ ಇಳುವರಿ ಕುಸಿದಂತೆ, ಏಪ್ರಿಲ್‌ನಲ್ಲಿ ಏರಿದಂತೆ ಕಾಣುತ್ತದೆ. ಇಳುವರಿಯನ್ನು ಲಾಟ್ ನಂಬರ್ ಹಿಡಿದೇ ತೆಗೆಯಬೇಕು ಎಂದು ಬರೆಯಿರಿ.

ಎರಡನೆಯದು 'ವರ್ಷ'. ನಮ್ಮಲ್ಲಿ ತೊಗರಿ ಜೂನ್–ಜುಲೈ ಮಳೆಗೆ ಬಿತ್ತನೆ, ಡಿಸೆಂಬರ್‌ನಿಂದ ರಾಶಿ. ಹೊಸ ಮಾಲು ಗಂಜ್‌ಗೆ ಬರುವಾಗ ಕ್ಯಾಲೆಂಡರ್ ವರ್ಷ ಬದಲಾಗುತ್ತಿರುತ್ತದೆ. 2024–25ರ ಹಣಕಾಸು ವರ್ಷದ ಮೊದಲ ಎಂಟು ತಿಂಗಳಲ್ಲಿ ಒಡೆದದ್ದು ಹೆಚ್ಚಾಗಿ ಹಿಂದಿನ ಬೆಳೆ, ಕೊನೆಯ ನಾಲ್ಕು ತಿಂಗಳಲ್ಲಿ ಒಡೆದದ್ದು ಹೊಸದು. ಹೀಗಾಗಿ "ಬರೇ 'ವರ್ಷ' ಎಂದರೆ ಏಪ್ರಿಲ್ 1ರಿಂದ ಮಾರ್ಚ್ 31. 'ಹಂಗಾಮು' ಎಂದರೆ ಡಿಸೆಂಬರ್ 1ರಿಂದ ಮುಂದಿನ ನವೆಂಬರ್ 30" ಎಂದು ದಿನಾಂಕ ಸಮೇತ ಬರೆಯಿರಿ. ನಿಮ್ಮ ಮಿಲ್ಲಿನ ಹಂಗಾಮು ಬೇರೆ ದಿನಕ್ಕೆ ಶುರುವಾಗುತ್ತಿದ್ದರೆ ಆ ದಿನ ಹಾಕಿ.

'ಚೀಲ' ಎಂದರೆ ಎಷ್ಟು ಕಿಲೋ ಎಂಬುದೂ ಬರಬೇಕು. ಖರೀದಿಯ ಚೀಲ, ಬೇಳೆಯ 50 ಕಿಲೋ ಚೀಲ, 30 ಕಿಲೋ ಪ್ಯಾಕ್ ಎಲ್ಲವೂ ಒಂದೇ 'ಸಂಖ್ಯೆ' ಕಾಲಂನಲ್ಲಿದ್ದರೆ ಎಐ ಅವನ್ನು ಹಾಗೆಯೇ ಕೂಡುತ್ತದೆ. ಇನ್ನೊಂದು ಮಾತು. ಗುಲ್ಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ, ಅಂದರೆ ಆ ಹೆಸರು ಈ ಭಾಗದ ಬೇಳೆಗೆ ಮಾತ್ರ. ನೀವು ಮ್ಯಾನ್ಮಾರ್ ಅಥವಾ ಆಫ್ರಿಕಾದ ಆಮದು ತೊಗರಿಯನ್ನೂ ಒಡೆಯುತ್ತಿದ್ದರೆ 'ಮೂಲ' ಎಂಬ ಕಾಲಂ ಇರಲೇಬೇಕು. ಅದಿಲ್ಲದೆ "ನಮ್ಮ ಕಲಬುರಗಿ ಬೇಳೆ ಎಷ್ಟು ಮಾರಾಟವಾಯಿತು" ಎಂದು ಕೇಳಿದರೆ ಯಾವ ಟಿಪ್ಪಣಿಯೂ ಸರಿ ಉತ್ತರ ತರಲಾರದು. ಶೀಟ್‌ನಲ್ಲಿ ಇಲ್ಲದ್ದನ್ನು ಟಿಪ್ಪಣಿ ಹುಟ್ಟಿಸುವುದಿಲ್ಲ.

ಪ್ರಶ್ನೆ: ನಮ್ಮ ರೈತ ಉತ್ಪಾದಕರ ಕಂಪನಿಯ ಸದಸ್ಯರ ಜಮೀನು ವಿಸ್ತೀರ್ಣವನ್ನು ಎಐ ಕೂಡಿದಾಗಲೆಲ್ಲ ಕಡಿಮೆ ಬರುತ್ತದೆ. ಪಹಣಿ ನೋಡಿಯೇ ಶೀಟ್ ತುಂಬಿದ್ದೇವೆ. ಯಾಕೆ ಹೀಗೆ?
— ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಪಹಣಿಯಲ್ಲಿ 2 ಎಕರೆ 20 ಗುಂಟೆ ಇದ್ದದ್ದನ್ನು ನೀವು 2.20 ಎಂದು ತುಂಬಿದ್ದೀರಿ. ನಿಮಗೆ ಅದು ಎರಡೂವರೆ ಎಕರೆ. ಎಐಗೆ ಅದು ಎರಡು ಎಕರೆಯ ಮೇಲೆ ಐದನೇ ಒಂದು ಭಾಗ. ಎಕರೆಗೆ 40 ಗುಂಟೆ ಎಂಬುದು ಅದಕ್ಕೆ ಗೊತ್ತಿಲ್ಲವೆಂದಲ್ಲ. ಈ ಕಾಲಂನಲ್ಲಿ ಚುಕ್ಕೆಯ ಬಲಕ್ಕಿರುವುದು ಗುಂಟೆ ಎಂದು ಅದಕ್ಕೆ ಯಾರೂ ಹೇಳಿಲ್ಲ.

ಮೂರು ಸಾಲು ತೆಗೆದುಕೊಳ್ಳಿ: 2.20, 1.30, 3.35. ಹಾಗೆಯೇ ಕೂಡಿದರೆ 6.85. ಸರಿಯಾಗಿ ಕೂಡಿದರೆ 6 ಎಕರೆ, 85 ಗುಂಟೆ. ಅಂದರೆ 8 ಎಕರೆ 5 ಗುಂಟೆ, ದಶಮಾಂಶದಲ್ಲಿ 8.125 ಎಕರೆ. ಮೂರೇ ರೈತರಲ್ಲಿ ಒಂದೂಕಾಲು ಎಕರೆಗಿಂತ ಹೆಚ್ಚು ಕಳೆದುಹೋಯಿತು. ಸಾವಿರ ಸದಸ್ಯರ ಕಂಪನಿಯಲ್ಲಿ ಬಿತ್ತನೆ ಬೀಜದ ಬೇಡಿಕೆ, ವಿಮೆಯ ಅಂದಾಜು, ಎಕರೆವಾರು ಇಳುವರಿ ಎಲ್ಲವೂ ಇದರಿಂದ ಹದಗೆಡುತ್ತವೆ. ವಿಸ್ತೀರ್ಣ ಕಡಿಮೆಯಾದರೆ ಎಕರೆವಾರು ಇಳುವರಿ ಹೆಚ್ಚಾಗಿ ಕಾಣುತ್ತದೆ. ಅದನ್ನು ನಂಬಿ ಮುಂದಿನ ವರ್ಷದ ಗೋದಾಮು ಬಾಡಿಗೆ ಮಾತಾಡಿದವರು ಕಷ್ಟಕ್ಕೆ ಸಿಗುತ್ತಾರೆ.

ಟಿಪ್ಪಣಿಯಲ್ಲಿ "ವಿಸ್ತೀರ್ಣ ಕಾಲಂ ಎಕರೆ.ಗುಂಟೆ ರೂಪದಲ್ಲಿದೆ. ಕೂಡುವ ಮೊದಲು ಪೂರ್ಣಾಂಕ + (ದಶಮಾಂಶ ಭಾಗ × 100 ÷ 40) ಎಂದು ಪರಿವರ್ತಿಸು" ಎಂದು ಬರೆದರೆ ತಕ್ಷಣಕ್ಕೆ ಕೆಲಸ ನಡೆಯುತ್ತದೆ. ಆದರೆ ಇದು ತಾತ್ಕಾಲಿಕ. ಎಕ್ಸೆಲ್ 2.20ನ್ನು 2.2 ಎಂದೇ ಇಟ್ಟುಕೊಳ್ಳುತ್ತದೆ. ಶೀಟ್ ತುಂಬಿದ ಹುಡುಗ 2 ಎಕರೆ 2 ಗುಂಟೆಯನ್ನು 2.02 ಎಂದು ಹಾಕದೆ 2.2 ಎಂದು ಹಾಕಿದ್ದರೆ ಎರಡನ್ನೂ ಬೇರ್ಪಡಿಸಲು ದಾರಿಯಿಲ್ಲ. ಪಹಣಿ ಮತ್ತೆ ತೆಗೆದು ನೋಡಬೇಕು, ಅಷ್ಟೇ. ಶಾಶ್ವತ ಪರಿಹಾರವೆಂದರೆ 'ಎಕರೆ', 'ಗುಂಟೆ' ಎಂದು ಎರಡು ಕಾಲಂ ಮಾಡುವುದು. ಗುಂಟೆ ಕಾಲಂಗೆ 0ರಿಂದ 39ರ ಒಳಗಿನ ಸಂಖ್ಯೆ ಮಾತ್ರ ಬೀಳುವಂತೆ ಎಕ್ಸೆಲ್‌ನ ಡೇಟಾ ವ್ಯಾಲಿಡೇಷನ್‌ನಲ್ಲಿ ಕಟ್ಟುಹಾಕಿ.

ಹಳೆಯ ಶೀಟ್ ತಪಾಸಣೆಗೆ ಒಂದು ಉಪಾಯವಿದೆ. ಚುಕ್ಕೆಯ ಬಲಕ್ಕೆ 40 ಅಥವಾ ಹೆಚ್ಚು ಇರುವ ಸಾಲುಗಳನ್ನು ಹುಡುಕಿ. 1.75 ಎಂಬುದು ಗುಂಟೆ ಲೆಕ್ಕ ಆಗಲಾರದು, ಯಾರೋ ದಶಮಾಂಶದಲ್ಲಿ ತುಂಬಿದ್ದಾರೆ. ಅಂಥ ಒಂದು ಸಾಲು ಸಿಕ್ಕಿದರೂ ಆ ಹಳ್ಳಿಯ ಇಡೀ ಪಟ್ಟಿಯನ್ನು ಅನುಮಾನದಿಂದ ನೋಡಿ, ಯಾಕೆಂದರೆ ಒಂದು ಹಳ್ಳಿಯ ಪಟ್ಟಿಯನ್ನು ಸಾಮಾನ್ಯವಾಗಿ ಒಬ್ಬರೇ ತುಂಬಿರುತ್ತಾರೆ.

ಪ್ರಶ್ನೆ: ಹುಮನಾಬಾದ್ ತಾಲ್ಲೂಕಿನಲ್ಲಿ ನಮ್ಮ ಸಂಸ್ಥೆಯ ಫಲಾನುಭವಿಗಳು ಹಠಾತ್ತನೆ ಕಡಿಮೆಯಾಗಿದ್ದಾರೆ ಎಂದು ಎಐ ವರದಿ ಕೊಟ್ಟಿದೆ. ಹಳ್ಳಿಗಳಲ್ಲಿ ಕೆಲಸವೇನೂ ನಿಂತಿಲ್ಲ.
— ಬೀದರ್

ಉತ್ತರ: ನಿಮ್ಮ ದತ್ತಾಂಶ 2018ಕ್ಕಿಂತ ಹಿಂದಿನಿಂದ ಶುರುವಾಗುತ್ತದೆಯೇ ನೋಡಿ. ಆಗ ಹೊಸ ತಾಲ್ಲೂಕುಗಳು ಬಂದವು. ಹುಮನಾಬಾದಿನಿಂದ ಚಿಟಗುಪ್ಪ, ಬಸವಕಲ್ಯಾಣದಿಂದ ಹುಲಸೂರ, ಔರಾದಿನಿಂದ ಕಮಲನಗರ ಬೇರೆಯಾದವು. ಯಾದಗಿರಿ ಜಿಲ್ಲೆಯಲ್ಲಿ ಹುಣಸಗಿ, ವಡಗೇರಾ, ಗುರುಮಠಕಲ್ ಬಂದವು. ಕಲಬುರಗಿ ಜಿಲ್ಲೆಯಲ್ಲಿ ಕಮಲಾಪುರ, ಕಾಳಗಿ, ಶಹಾಬಾದ್, ಯಡ್ರಾಮಿ. ಹಳ್ಳಿ ಇದ್ದಲ್ಲಿಯೇ ಇದೆ, ಕೆಲಸವೂ ನಡೆದಿದೆ, ಮೇಲಿನ ಹೆಸರು ಬದಲಾಗಿದೆ. ಅದಕ್ಕೂ ಹಿಂದಿನ ಅಂಕಿಅಂಶ ಬಳಸುವವರು ಇನ್ನೂ ಎಚ್ಚರವಾಗಿರಬೇಕು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2009ರ ಡಿಸೆಂಬರ್ ಕೊನೆಗೆ. ಆ ಮೊದಲಿನ 'ಗುಲ್ಬರ್ಗಾ ಜಿಲ್ಲೆ' ಎಂಬ ಅಂಕಿಯಲ್ಲಿ ಸುರಪುರ, ಶಹಾಪುರ, ಯಾದಗಿರಿ ಸೇರಿವೆ.

ಇದನ್ನೆಲ್ಲ ಟಿಪ್ಪಣಿಯಲ್ಲಿ ಉದ್ದಕ್ಕೆ ವಿವರಿಸುವ ಬದಲು ಒಂದು ಸ್ಥಳಪಟ್ಟಿ ಶೀಟ್ ಮಾಡಿ. ಸಾಲಿಗೊಂದು ಹಳ್ಳಿ. ಕಾಲಂಗಳು ಐದು ಸಾಕು: ಹಳ್ಳಿಯ ಕೋಡ್, ಈಗಿನ ಹೆಸರು, ಈಗಿನ ತಾಲ್ಲೂಕು, ಹಳೆಯ ತಾಲ್ಲೂಕು, ಜಿಲ್ಲೆ. ಕೋಡ್ ನೀವೇ ಹುಟ್ಟಿಸಬೇಡಿ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯದ ಸ್ಥಳೀಯ ಸರ್ಕಾರಗಳ ಡೈರೆಕ್ಟರಿಯಲ್ಲಿ ಪ್ರತಿ ಹಳ್ಳಿಗೂ ಕೋಡ್ ಇದೆ, ಎಲ್‌ಜಿಡಿ ಕೋಡ್ ಎನ್ನುತ್ತಾರೆ. ಅದನ್ನೇ ಬಳಸಿದರೆ ನಾಳೆ ಸರ್ಕಾರದ ಅಂಕಿಅಂಶದ ಜೊತೆ ಜೋಡಿಸಲೂ ಬರುತ್ತದೆ.

ಜೊತೆಗೆ ಕಾಗುಣಿತದ ಪಟ್ಟಿ ಬೇರೆ ಮಾಡಿ: ಗುಲ್ಬರ್ಗಾ, ಗುಲಬರ್ಗಾ, ಕಲಬುರ್ಗಿ ಎಲ್ಲವೂ ಕಲಬುರಗಿ, ಶೋರಾಪುರ ಎಂದರೆ ಸುರಪುರ, ಜೇವರ್ಗಿ, ಜೇವರಗಿ ಒಂದೇ. ನಗರದ ಹೆಸರು ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ, ಆದರೂ ಹಳೆಯ ಬಿಲ್ಲು, ರಸೀದಿ, ಬ್ಯಾಂಕ್ ಶಾಖೆಗಳ ಪಟ್ಟಿಯಲ್ಲಿ ಹಳೆಯ ಹೆಸರು ಉಳಿದಿದೆ. "ಇವು ಒಂದೇ ಇರಬಹುದು, ನೋಡಿ ಸೇರಿಸು" ಎಂದು ಎಐಗೆ ಬಿಡಬೇಡಿ. ಹತ್ತಿರದ ಉಚ್ಚಾರಣೆಯ ಎರಡು ಬೇರೆ ಹಳ್ಳಿಗಳನ್ನೂ ಅದು ಒಂದು ಮಾಡಿಬಿಡುತ್ತದೆ. ಕಲಬುರಗಿ ಜಿಲ್ಲೆಯ ಕಮಲಾಪುರ, ಬೀದರ್ ಜಿಲ್ಲೆಯ ಕಮಲನಗರ ಬೆರೆತ ಶೀಟ್ ಸರಿಪಡಿಸುವುದು ಬಹಳ ತ್ರಾಸು.

ಟಿಪ್ಪಣಿಗೆ ಒಂದೇ ಸಾಲು ಸಾಕು: "ತಾಲ್ಲೂಕುವಾರು ಹೋಲಿಕೆ ಕೇಳಿದಾಗ ಹಳ್ಳಿಯ ಕೋಡ್ ಮೂಲಕ ಸ್ಥಳಪಟ್ಟಿಗೆ ಜೋಡಿಸಿ, ಎಲ್ಲ ವರ್ಷಕ್ಕೂ ಈಗಿನ ತಾಲ್ಲೂಕನ್ನೇ ಬಳಸು."

ಪ್ರಶ್ನೆ: ಸಂಘದ ನಿಯಮಾವಳಿ, ಹತ್ತು ವರ್ಷದ ಠರಾವುಗಳನ್ನೆಲ್ಲ ಹಿನ್ನೆಲೆಗೆಂದು ಎಐಗೆ ಹಾಕಿದೆವು. ಏನು ಕೇಳಿದರೂ ಅಸಂಬದ್ಧ ಉತ್ತರ. ಅದಕ್ಕೆ ಕನ್ನಡ ಬರುವುದಿಲ್ಲವೇ?
— ಸಹಕಾರ ಸಂಘದ ಕಾರ್ಯದರ್ಶಿ, ಭಾಲ್ಕಿ

ಉತ್ತರ: ಕನ್ನಡ ಬರುತ್ತದೆ. ನಿಮ್ಮ ಕಡತದೊಳಗೆ ಕನ್ನಡ ಅಕ್ಷರವೇ ಇಲ್ಲ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಕಡತ ಪರದೆಯ ಮೇಲೆ ಮತ್ತು ಕಾಗದದ ಮೇಲೆ ಕನ್ನಡದಂತೆ ಕಾಣುತ್ತದೆ. ಕಂಪ್ಯೂಟರ್ ಒಳಗೆ ಉಳಿದಿರುವುದು ಲ್ಯಾಟಿನ್ ಅಕ್ಷರ ಮತ್ತು ಚಿಹ್ನೆಗಳು. ಎಐ ಓದುವುದು ಆ ಒಳಗಿನದನ್ನು. ಪರೀಕ್ಷೆ ಸುಲಭ: ಕಡತದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಅಂಟಿಸಿ. ಅರ್ಥವಿಲ್ಲದ ಚಿಹ್ನೆ ಬಂದರೆ ಹಳೆಯ ಫಾಂಟ್. ಏನೂ ಆಯ್ಕೆಯೇ ಆಗದಿದ್ದರೆ ಅದು ಸ್ಕ್ಯಾನ್ ಮಾಡಿದ ಚಿತ್ರ.

ಹಳೆಯ ಫಾಂಟ್ ಕಡತಗಳನ್ನು, ನಿಜವಾದ ಕನ್ನಡ ಅಕ್ಷರಗಳನ್ನೇ ಉಳಿಸುವ ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ. ಮೂಲ ವರ್ಡ್ ಕಡತ ಸಿಕ್ಕರೆ ಅದನ್ನೇ ಪರಿವರ್ತಿಸಿ, ಪಿಡಿಎಫ್‌ನಿಂದ ಮಾಡಿದರೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ. ಒಂದೇ ಕಡತದಲ್ಲಿ ಇಂಗ್ಲಿಷ್ ಪದಗಳೂ ಇದ್ದರೆ ಪರಿವರ್ತಕ ಅವನ್ನೂ ಕನ್ನಡ ಮಾಡಲು ಹೋಗಿ ಕೆಡಿಸುತ್ತದೆ, ಅಲ್ಲಿ ಕೈಯಿಂದ ತಿದ್ದಬೇಕು. ಸ್ಕ್ಯಾನ್ ಆದದ್ದಕ್ಕೆ ಅಕ್ಷರ ಗುರುತಿಸುವ ಓಸಿಆರ್ ಬೇಕು. ಓಸಿಆರ್ ಮುಗಿದ ಮೇಲೆ ಮಾತುಗಳಿಗಿಂತ ಮೊದಲು ಸಂಖ್ಯೆಗಳನ್ನು ಮೂಲಕ್ಕೆ ಹೋಲಿಸಿ ನೋಡಿ. ಕನ್ನಡ ಅಂಕಿ ೦ ಮತ್ತು ಅನುಸ್ವಾರ, ೧ ಮತ್ತು ೦ ಅದಲುಬದಲಾಗುವುದು ಉಂಟು. ಬಡ್ಡಿ ದರದಲ್ಲಿ ಅಂಥದೊಂದು ತಪ್ಪು ಉಳಿದರೆ ಇಡೀ ಲೆಕ್ಕ ಹೋಯಿತು.

ಇಷ್ಟೆಲ್ಲ ಮಾಡಿದ ಮೇಲೂ ಹತ್ತು ವರ್ಷದ ಠರಾವುಗಳನ್ನು ಪೂರ್ತಿ ಹಾಕಬೇಡಿ. ಒಂದು ಠರಾವಿನಲ್ಲಿ ಬಡ್ಡಿ ಶೇ. 12, ಮುಂದಿನದರಲ್ಲಿ ಶೇ. 11 ಎಂದಿದ್ದರೆ ಯಾವುದು ಈಗ ಜಾರಿಯಲ್ಲಿದೆ ಎಂದು ಅದು ಹೇಗೆ ತಿಳಿಯಬೇಕು? ದೊಡ್ಡ ಕಡತಗಳನ್ನು ಈ ತಂತ್ರಾಂಶಗಳು ತುಂಡು ಮಾಡಿ ಇಟ್ಟುಕೊಂಡು, ಪ್ರಶ್ನೆಗೆ ಹತ್ತಿರ ಕಾಣುವ ಕೆಲವು ತುಂಡುಗಳನ್ನು ಮಾತ್ರ ಓದುತ್ತವೆ. ಹಳೆಯ ತುಂಡು ಕೈಗೆ ಸಿಕ್ಕರೆ ಹಳೆಯ ಉತ್ತರ. ನೀವೇ ಕೂತು ಈಗ ಜಾರಿಯಲ್ಲಿರುವ ನಿಯಮಗಳನ್ನು ಒಂದೆರಡು ಪುಟಕ್ಕೆ ಇಳಿಸಿ. ಪ್ರತಿ ನಿಯಮದ ಮುಂದೆ ಠರಾವಿನ ಸಂಖ್ಯೆ, ಯಾವ ದಿನದಿಂದ ಜಾರಿ ಎಂಬುದು ಇರಲಿ.

ಪ್ರಶ್ನೆ: ಟಿಪ್ಪಣಿ ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ? ಎಷ್ಟು ಉದ್ದ? ನಾವು 40 ಪುಟ ಬರೆದರೂ ಕೆಲವು ಸೂಚನೆ ಪಾಲಿಸುವುದಿಲ್ಲ.
— ಸೇಡಂ

ಉತ್ತರ: 40 ಪುಟವೇ ತೊಂದರೆ. ಸಂಸ್ಥೆಯ ಇತಿಹಾಸ, ಧ್ಯೇಯೋದ್ದೇಶ, ಆಡಳಿತ ಮಂಡಳಿಯ ಪರಿಚಯ ಇವು ಲೆಕ್ಕಕ್ಕೆ ಬೇಕಿಲ್ಲ, ತೆಗೆಯಿರಿ. ಒಂದು ಸಾಲು ಇರಬೇಕೋ ಬೇಡವೋ ಎಂಬುದಕ್ಕೆ ನಾವು ಬಳಸುವ ಪರೀಕ್ಷೆ: ಈ ಸಾಲು ಇಲ್ಲದಿದ್ದರೆ ಯಾವ ಪ್ರಶ್ನೆಯ ಉತ್ತರ ಬದಲಾಗುತ್ತದೆ? ಒಂದೂ ಇಲ್ಲವೆಂದರೆ ಆ ಸಾಲು ಬೇಡ. ಸಣ್ಣ ಸಂಸ್ಥೆಗೆ ಮೂರು ಪುಟ ಸಾಕಾಗುತ್ತದೆ. ಒಂದು ಕಾಲಂಗೆ ಮಾತ್ರ ಸಂಬಂಧಿಸಿದ ಮಾತನ್ನು ಆ ಕಾಲಂನ ವಿವರಣೆಯಲ್ಲೇ ಬರೆದರೆ ಟಿಪ್ಪಣಿ ಇನ್ನೂ ಚಿಕ್ಕದಾಗುತ್ತದೆ. ಉದ್ದದ ಪಠ್ಯದ ನಡುವೆ ಹೂತ ಸೂಚನೆಗಳನ್ನು ಈ ಎಐ ಮಾದರಿಗಳು ಕಡೆಗಣಿಸುವುದು ಹೆಚ್ಚು. ಒಂದಕ್ಕೊಂದು ವಿರುದ್ಧವಾದ ಎರಡು ಸೂಚನೆ ಇದ್ದರಂತೂ ಯಾವುದು ಗೆಲ್ಲುತ್ತದೆ ಎಂದು ಹೇಳಲಾಗದು.

ಭಾಷೆಯ ಬಗ್ಗೆ: ವಿವರಣೆ ಯಾವ ಭಾಷೆಯಲ್ಲಾದರೂ ಇರಲಿ, ಕಾಲಂ ಹೆಸರು ಮಾತ್ರ ಶೀಟ್‌ನಲ್ಲಿ ಇರುವಂತೆಯೇ, ಒಂದಕ್ಷರ ಬದಲಾಗದಂತೆ ಇರಬೇಕು. ಅದೇ ಅರ್ಥದ ಕನ್ನಡ ಪಠ್ಯ ಇಂಗ್ಲಿಷಿಗಿಂತ ಹೆಚ್ಚು ಟೋಕನ್ (ಎಐ ಓದಲು ಪಠ್ಯವನ್ನು ಒಡೆಯುವ ತುಂಡುಗಳು) ತೆಗೆದುಕೊಳ್ಳುತ್ತದೆ, ಬಳಕೆಗೆ ತಕ್ಕಂತೆ ಹಣ ಕಟ್ಟುವವರಿಗೆ ಖರ್ಚು ಸ್ವಲ್ಪ ಏರುತ್ತದೆ. ಆದರೂ ಕಚೇರಿಯವರಿಗೆ ಓದಿ ತಿದ್ದಲು ಬರುವ ಭಾಷೆಯಲ್ಲಿ ಬರೆಯುವುದೇ ಒಳ್ಳೆಯದೆಂದು ನಮ್ಮ ಗಟ್ಟಿ ಅಭಿಪ್ರಾಯ. ತಿದ್ದುವವರಿಲ್ಲದ ಟಿಪ್ಪಣಿ ಬೇಗ ಹಳತಾಗುತ್ತದೆ. ಜನ ಬಾಯಲ್ಲಿ ಕೇಳುವ ಮಾತುಗಳನ್ನೂ ಸೇರಿಸಿ: 'ಆವಕ' ಎಂದರೆ ಯಾವ ಕಾಲಂ, 'ಉದ್ರಿ' ಎಂದರೆ ಯಾವುದು, 'ಹಮಾಲಿ' ಯಾವ ಖರ್ಚಿನ ತಲೆಬರಹದ ಕೆಳಗೆ ಬರುತ್ತದೆ.

ಸೂಚನೆಗಳನ್ನು ಬರೆಯುವಾಗ 'ಸರಿಯಾಗಿ', 'ಎಚ್ಚರದಿಂದ' ಎಂಬ ಮಾತು ಬೇಡ. "ದಿನಾಂಕ ದಿನ/ತಿಂಗಳು/ವರ್ಷ ಕ್ರಮದಲ್ಲಿದೆ, 05/06/2024 ಎಂದರೆ ಜೂನ್ 5" ಎಂದು ಬರೆದರೆ ಪಾಲಿಸುತ್ತದೆ. "ಖಾಲಿ ಮನೆ ಎಂದರೆ ವರದಿ ಬಂದಿಲ್ಲ, ಸೊನ್ನೆ ಅಲ್ಲ. ಸರಾಸರಿಯಲ್ಲಿ ಸೇರಿಸಬೇಡ" ಎಂದರೆ ಪಾಲಿಸುತ್ತದೆ. "ಪ್ರಶ್ನೆಯಲ್ಲಿ ಅವಧಿ ಹೇಳಿಲ್ಲದಿದ್ದರೆ ಮೊದಲು ಕೇಳು" ಎಂಬುದು ಎಲ್ಲರ ಟಿಪ್ಪಣಿಯಲ್ಲೂ ಇರಬೇಕಾದ ಸಾಲು.

ಪ್ರಶ್ನೆ: ಹಾಲಿನ ಸಂಘದ ಸರಾಸರಿ ಫ್ಯಾಟ್ ಅನ್ನು ಎಐ ತುಂಬಾ ಹೆಚ್ಚು ತೋರಿಸುತ್ತಿದೆ.
— ಬಸವಕಲ್ಯಾಣ

ಉತ್ತರ: ಹಾಲಿನ ಪ್ರಮಾಣ ನೋಡದೆ ಬರೇ ಫ್ಯಾಟ್ ಕಾಲಂನ ಸರಾಸರಿ ತೆಗೆದಿದೆ. 100 ಲೀಟರ್ ಹಸುವಿನ ಹಾಲು 4.0 ಫ್ಯಾಟ್, 20 ಲೀಟರ್ ಎಮ್ಮೆ ಹಾಲು 7.0 ಫ್ಯಾಟ್ ಇದ್ದರೆ ಸಾದಾ ಸರಾಸರಿ 5.5. ನಿಜವಾದದ್ದು (100×4 + 20×7) ÷ 120, ಅಂದರೆ 4.5. "ಫ್ಯಾಟ್, ಎಸ್‌ಎನ್‌ಎಫ್ ಸರಾಸರಿಯನ್ನು ಯಾವಾಗಲೂ ಹಾಲಿನ ತೂಕ ಹಿಡಿದೇ ತೆಗೆ" ಎಂದು ಬರೆಯಿರಿ. ಎಸ್‌ಎನ್‌ಎಫ್ ಎಂದರೆ ಹಾಲಿನ ಕೊಬ್ಬಲ್ಲದ ಘನಾಂಶ. ನಿಮ್ಮ ಯಂತ್ರ ಅಳೆಯುವುದು ಲೀಟರೋ ಕಿಲೋನೋ ಅದನ್ನೂ ಬರೆಯಿರಿ. ಲೀಟರ್ ಹಾಲು ಸುಮಾರು 1.03 ಕಿಲೋ ತೂಗುತ್ತದೆ. ಸಂಘದಲ್ಲಿ ಲೀಟರ್, ಶೀತಲೀಕರಣ ಕೇಂದ್ರದಲ್ಲಿ ಕಿಲೋ ಬರೆದುಕೊಂಡಿದ್ದರೆ 10,000 ಲೀಟರ್‌ಗೆ 300ರ ವ್ಯತ್ಯಾಸ ಬಂದು, ಯಾರೋ ನೀರು ಬೆರೆಸಿದ್ದಾರೆಂದು ಅನುಮಾನ ಹುಟ್ಟುತ್ತದೆ. ಬೆಳಗಿನ ಮತ್ತು ಸಂಜೆಯ ಸರದಿ ಎರಡು ಸಾಲಾಗಿರುವುದರಿಂದ "ಹಾಲು ಹಾಕಿದ ಸದಸ್ಯರು ಎಷ್ಟು" ಎಂದು ಕೇಳಿದಾಗ ಸದಸ್ಯರ ಸಂಖ್ಯೆ ಎರಡು ಪಟ್ಟಾಗದಂತೆ "ಸದಸ್ಯರ ಕೋಡ್ ಒಮ್ಮೆ ಮಾತ್ರ ಎಣಿಸು" ಎಂಬ ಸಾಲೂ ಬೇಕು.

ಪ್ರಶ್ನೆ: ಮಹಿಳಾ ಸ್ವಸಹಾಯ ಸಂಘಗಳ ಸಾಲದ ಲೆಕ್ಕ ಎಐಗೆ ಕೊಡಬಹುದೇ? ಬಾಕಿ ಎಷ್ಟು ಎಂದರೆ ಒಮ್ಮೆ ಲಕ್ಷಗಳಲ್ಲಿ, ಒಮ್ಮೆ ಸಾವಿರಗಳಲ್ಲಿ ಹೇಳುತ್ತದೆ.
— ಒಕ್ಕೂಟದ ಪದಾಧಿಕಾರಿ, ಸುರಪುರ

ಉತ್ತರ: ಎರಡನೆಯದಕ್ಕೆ ಮೊದಲು ಉತ್ತರ. ಒಬ್ಬ ಸದಸ್ಯೆ 1,00,000 ರೂಪಾಯಿ ಸಾಲ ಪಡೆದು, 60,000 ಇನ್ನೂ ತೀರಿಸಬೇಕಿದ್ದು, ಅದರಲ್ಲಿ ಗಡುವು ದಾಟಿದ ಕಂತು 5,000 ಇದೆ ಎಂದುಕೊಳ್ಳಿ. ಹೊರಬಾಕಿ 60,000, ಸುಸ್ತಿ 5,000. ಬ್ಯಾಂಕಿನವರು ಕೇಳುವ, 30 ದಿನ ಮೀರಿದ ಅಪಾಯದ ಸಾಲದ ಲೆಕ್ಕದಲ್ಲಿ ಆ ಕಂತಿಗೆ 30 ದಿನ ದಾಟಿದ್ದರೆ ಪೂರ್ತಿ 60,000 ಬರುತ್ತದೆ. ಮೂರಕ್ಕೂ ಬೇರೆ ಬೇರೆ ಸೂತ್ರ ಬರೆದು, "ಬರೇ 'ಬಾಕಿ' ಎಂದು ಕೇಳಿದರೆ ಯಾವುದು ಎಂದು ಕೇಳು" ಎಂಬ ಸೂಚನೆ ಹಾಕಿ.

ಈಗ ಮೊದಲನೆಯದು. ಹೆಸರು, ಆಧಾರ್ ಸಂಖ್ಯೆ, ಮೊಬೈಲ್, ಬ್ಯಾಂಕ್ ಖಾತೆ ಇರುವ ಕಾಲಂಗಳನ್ನು ಅಳಿಸಿದ ಪ್ರತಿಯನ್ನೇ ಕೊಡಬೇಕು. ಸದಸ್ಯರ ಕೋಡ್ ಒಂದಿದ್ದರೆ ಲೆಕ್ಕಕ್ಕೆ ಸಾಕು. ಕೋಡ್ ಯಾರದು ಎಂಬ ಪಟ್ಟಿ ಒಕ್ಕೂಟದ ಕಂಪ್ಯೂಟರ್‌ನಲ್ಲೇ ಇರಲಿ. ಟಿಪ್ಪಣಿಯಲ್ಲಿ "ಹೆಸರು ಹೇಳಬೇಡ" ಎಂದು ಬರೆಯುವುದು ರಕ್ಷಣೆ ಆಗುವುದಿಲ್ಲ, ಬೇರೆ ರೀತಿಯಲ್ಲಿ ಕೇಳಿದರೆ ಅದು ಹೇಳಿಬಿಡಬಹುದು. ಕಾಲಂ ಇಲ್ಲದಿದ್ದರೆ ಮಾತ್ರ ಹೇಳಲಾರದು. ಸಣ್ಣ ಗುಂಪುಗಳ ಬಗ್ಗೆಯೂ ಯೋಚಿಸಿ. ಒಂದು ಹಳ್ಳಿಯ ಒಂದೇ ಸಂಘದಲ್ಲಿ ಸುಸ್ತಿಯಾದವರು ಒಬ್ಬರೇ ಇದ್ದರೆ, ಹೆಸರಿಲ್ಲದಿದ್ದರೂ ಊರಿಗೆಲ್ಲ ಗೊತ್ತಾಗುತ್ತದೆ. ಹೊರಗೆ ಹಂಚುವ ವರದಿಯಲ್ಲಿ ಐದಕ್ಕಿಂತ ಕಡಿಮೆ ಸದಸ್ಯರ ಗುಂಪುಗಳನ್ನು ಪ್ರತ್ಯೇಕ ತೋರಿಸದೆ ಕ್ಲಸ್ಟರ್ ಮಟ್ಟಕ್ಕೆ ಸೇರಿಸಿ. ಆ ಹೆಣ್ಣುಮಕ್ಕಳು ನಿಮ್ಮನ್ನು ನಂಬಿ ವಿವರ ಕೊಟ್ಟಿದ್ದಾರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಪಡೆದ ಉದ್ದೇಶಕ್ಕೆ ಮಾತ್ರ ವಿವರ ಬಳಸಬೇಕೆನ್ನುತ್ತದೆ.

ಪ್ರಶ್ನೆ: ಟಿಪ್ಪಣಿ ಸರಿಯಾಗಿದೆ ಎಂದು ತಿಳಿಯುವುದು ಹೇಗೆ? ಎಷ್ಟು ದಿನಕ್ಕೊಮ್ಮೆ ತಿದ್ದಬೇಕು?
— ಆಳಂದ

ಉತ್ತರ: ಉತ್ತರ ಮೊದಲೇ ಗೊತ್ತಿರುವ 25 ಪ್ರಶ್ನೆಗಳ ಪಟ್ಟಿ ಮಾಡಿ. ಹತ್ತರಷ್ಟು ಉತ್ತರ ಲೆಕ್ಕಪರಿಶೋಧನೆಯಾದ ವರದಿಯಲ್ಲಿ ಇರುವಂಥವು. ಇನ್ನು ಹತ್ತು ಎಡವುವ ಜಾಗದವು: ಕೂಲಿ ಮಾಲು, ಗುಂಟೆ, ಹೊಸ ತಾಲ್ಲೂಕು, ವರ್ಷದ ಗಡಿ ದಾಟುವ ಲಾಟ್. ಉಳಿದ ಐದಕ್ಕೆ ಶೀಟ್‌ನಲ್ಲಿ ಉತ್ತರವೇ ಇರಬಾರದು. ಅಲ್ಲಿ ಅದು "ಮಾಹಿತಿ ಇಲ್ಲ" ಎನ್ನಬೇಕು, ಸಂಖ್ಯೆ ಹುಟ್ಟಿಸಬಾರದು. ಪ್ರತಿ ಪ್ರಶ್ನೆಯನ್ನೂ ಹೊಸ ಸಂಭಾಷಣೆಯಲ್ಲಿ, ಮೂರು ಬಾರಿ, ಮಾತು ಸ್ವಲ್ಪ ಬದಲಿಸಿ ಕೇಳಿ. ಮೂರೂ ಬಾರಿ ಒಂದೇ ಸಂಖ್ಯೆ ಬಂದರೂ ಅದು ಬರೆದ ಪ್ರೋಗ್ರಾಂ ತೋರಿಸಲು ಹೇಳಿ ಯಾವ ಸಾಲುಗಳನ್ನು ಬಿಟ್ಟಿದೆ ನೋಡಿ. ತಪ್ಪು ದಾರಿಯಲ್ಲಿ ಹೋಗಿ ಸರಿ ಸಂಖ್ಯೆ ಸಿಗುವುದು ಅಪರೂಪವೇನಲ್ಲ. ತಪ್ಪು ಬಂದರೆ ಟಿಪ್ಪಣಿಯ ಒಂದು ಸಾಲು ಮಾತ್ರ ತಿದ್ದಿ, ಮತ್ತೆ 25 ಪ್ರಶ್ನೆಯನ್ನೂ ಕೇಳಿ. ಐದು ಸಾಲು ಒಟ್ಟಿಗೆ ಬದಲಿಸಿದರೆ ಯಾವುದು ಕೆಡಿಸಿತು ಎಂದು ತಿಳಿಯುವುದಿಲ್ಲ.

ತಿದ್ದುವುದಕ್ಕೆ ದಿನ ಗೊತ್ತುಮಾಡುವುದಕ್ಕಿಂತ, ಬದಲಾಗುವ ಸಂಖ್ಯೆಗಳನ್ನು ಟಿಪ್ಪಣಿಯಿಂದಲೇ ಹೊರಗಿಡಿ. ತೊಗರಿಯ ಕನಿಷ್ಠ ಬೆಂಬಲ ಬೆಲೆ 2023–24ಕ್ಕೆ ಕ್ವಿಂಟಲ್‌ಗೆ 7,000 ರೂಪಾಯಿ, 2024–25ಕ್ಕೆ 7,550, 2025–26ಕ್ಕೆ 8,000. ಟಿಪ್ಪಣಿಯಲ್ಲಿ "ಬೆಂಬಲ ಬೆಲೆ 7,550" ಎಂದು ಬರೆದಿದ್ದರೆ ಹಳೆಯ ಖರೀದಿಗೂ ಹೊಸದಕ್ಕೂ ಅದನ್ನೇ ಹಚ್ಚುತ್ತದೆ. 'ಬೆಲೆಪಟ್ಟಿ' ಎಂಬ ಶೀಟ್ ಮಾಡಿ ಬೆಳೆ, ಹಂಗಾಮು, ಬೆಲೆ ಎಂದು ಮೂರು ಕಾಲಂ ಇಡಿ. ಟಿಪ್ಪಣಿಯಲ್ಲಿ "ಬೆಂಬಲ ಬೆಲೆಯನ್ನು ಬೆಲೆಪಟ್ಟಿಯಿಂದ, ಬೆಳೆ ಮತ್ತು ಖರೀದಿಯ ಹಂಗಾಮಿಗೆ ಹೊಂದಿಸಿ ತೆಗೆದುಕೋ" ಎಂದಷ್ಟೇ ಇರಲಿ. ಬಡ್ಡಿ ದರ, ಹಮಾಲಿ ದರ, ಹಾಲಿನ ದರಕ್ಕೂ ಇದೇ ಕ್ರಮ.

ಟಿಪ್ಪಣಿ ತಿದ್ದುವ ಅಧಿಕಾರ ಒಬ್ಬರಿಗೇ ಇರಲಿ, ಅವರು ಲೆಕ್ಕದ ವಿಭಾಗದವರಾಗಿರಲಿ, ಕಂಪ್ಯೂಟರ್ ರಿಪೇರಿಯವರಲ್ಲ. ತಲೆಯಲ್ಲಿ ದಿನಾಂಕ ಹಾಕಿ, ಹಳೆಯ ಪ್ರತಿಗಳನ್ನು ಅಳಿಸದೆ ಇಡಿ. ಹೋದ ವರ್ಷ ವಾರ್ಷಿಕ ಸಭೆಯಲ್ಲಿ ಓದಿದ ಸಂಖ್ಯೆ ಹೇಗೆ ಬಂತು ಎಂದು ಯಾರಾದರೂ ಸದಸ್ಯರು ಕೇಳಿದರೆ, ಆಗ ಇದ್ದ ಟಿಪ್ಪಣಿ ಹಾಕಿ ಅದೇ ಸಂಖ್ಯೆ ಮತ್ತೆ ತೆಗೆದು ತೋರಿಸಲು ಬರಬೇಕು.